ಕಾನೂನು ಸ್ನಾತಕೋತ್ತರ: ಒಂದು ಸಮಾಸ, ಎರಡು ವಿಗ್ರಹ

ತುಮಕೂರಿನ ಟೌನ್‌ಹಾಲ್ ವೃತ್ತದ ಬಳಿ ಕಳೆದ ತಿಂಗಳು ಒಂದು ಅಭಿನಂದನಾ ಫ್ಲೆಕ್ಸ್ ಕಟ್ಟಿದ್ದರು. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ 'ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್' ಪಡೆದ ನಮ್ಮ ತಾಲ್ಲೂಕಿನ ಹೆಣ್ಣುಮಗಳೊಬ್ಬರ ಭಾವಚಿತ್ರದ ಕೆಳಗೆ 'ಕಾನೂನು ಸ್ನಾತಕೋತ್ತರ ಪದವಿ ಪಡೆದು ವಕೀಲರಾದ' ಎಂಬ ಒಕ್ಕಣೆಯಿತ್ತು. ಆಕೆ ಓದಿದ್ದು ಎಂಜಿನಿಯರಿಂಗ್. ಕೆಲಸದಲ್ಲಿರುವುದು ವೈದ್ಯಕೀಯ ಉಪಕರಣಗಳ ಕಂಪನಿಯಲ್ಲಿ, ತಯಾರಾದ ಮಾಲು ಸರ್ಕಾರದ ನಿಯಮಗಳಿಗೆ ಸರಿಹೊಂದುತ್ತದೆಯೇ ಎಂದು ನೋಡುವ ವಿಭಾಗದಲ್ಲಿ. ವಕೀಲಿ ಮಾಡುವ ಉದ್ದೇಶ ಅವರಿಗಿಲ್ಲ, ಆ ಪದವಿ ಅದಕ್ಕೆ ದಾರಿಯನ್ನೂ ಮಾಡಿಕೊಡುವುದಿಲ್ಲ. ಇದೇ ತಪ್ಪನ್ನು ಈ ವರ್ಷ ಒಂದು ಮದುವೆಯ ಲಗ್ನಪತ್ರಿಕೆಯಲ್ಲಿಯೂ, ವಿದೇಶಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸಿಕೊಡುವ ಒಬ್ಬ ಏಜೆಂಟರ ಕರಪತ್ರದಲ್ಲಿಯೂ ಕಂಡಿದ್ದೆ. ಲಗ್ನಪತ್ರಿಕೆಯನ್ನು ಕ್ಷಮಿಸಬಹುದು, ಕರಪತ್ರವನ್ನು ಕ್ಷಮಿಸಲಾಗದು. ಮೂರನೆಯ ಸಲ ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ಗೊಂದಲಕ್ಕೆ ಕಾರಣ 'ಕಾನೂನು ಸ್ನಾತಕೋತ್ತರ' ಎಂಬ ಪದಪುಂಜದ ಒಳಗೇ ಇದೆ. ಇದನ್ನು ಎರಡು ರೀತಿಯಲ್ಲಿ ಬಿಡಿಸಬಹುದು, ವ್ಯಾಕರಣದ ಮಾತಿನಲ್ಲಿ ಇದಕ್ಕೆ ಎರಡು ವಿಗ್ರಹಗಳಿವೆ. ಮೊದಲು 'ಕಾನೂನು ಸ್ನಾತಕ' ಎಂದು ಕೂಡಿಸಿಕೊಂಡು ಅದಕ್ಕೆ 'ಉತ್ತರ'ವನ್ನು ಸೇರಿಸಿದರೆ, ಕಾನೂನಿನಲ್ಲಿ ಸ್ನಾತಕನಾದ ಮೇಲಿನದು ಎಂಬ ಅರ್ಥ ಬರುತ್ತದೆ, ಅದು ಎಲ್‌ಎಲ್.ಬಿ. ಎಂಬ ಕಾನೂನು ಪದವಿಯ ಮೇಲೆ ಓದುವ ಎಲ್‌ಎಲ್.ಎಂ. 'ಸ್ನಾತಕೋತ್ತರ'ವನ್ನು ಒಂದೇ ಪದವಾಗಿ ಇಟ್ಟುಕೊಂಡು ಹಿಂದೆ 'ಕಾನೂನು' ಹಚ್ಚಿದರೆ, ಯಾವುದೋ ಒಂದು ವಿಷಯದಲ್ಲಿ ಸ್ನಾತಕನಾದವನು ಆಮೇಲೆ ಕಾನೂನಿನಲ್ಲಿ ಮಾಡಿದ ವ್ಯಾಸಂಗ ಎಂದಾಗುತ್ತದೆ. ಅದು ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್. ಬರೆಯುವಾಗ ಎರಡೂ ಒಂದೇ, ಅರ್ಥದಲ್ಲಿ ಎರಡಕ್ಕೂ ಹೈಕೋರ್ಟಿನ ಕಟಕಟೆಯಷ್ಟು ಅಂತರ. ಅರಬ್ಬಿ ಪದಕ್ಕೆ ಸಂಸ್ಕೃತವನ್ನು ಬೆಸೆದ ಸಮಾಸ ಎಂದು ಮೂಗು ಮುರಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ; ನನ್ನ ತಕರಾರು ಬೆಸುಗೆಯ ಬಗ್ಗೆ ಅಲ್ಲ, ಎಲ್ಲಿ ಬೆಸೆದಿದೆ ಎಂಬುದು ತಿಳಿಯದಿರುವ ಬಗ್ಗೆ.

'ಸ್ನಾತಕ' ಎಂದರೆ ಮಿಂದವನು. ಗುರುಕುಲದ ಓದು ಮುಗಿದಾಗ ನಡೆಯುತ್ತಿದ್ದ ಸಮಾವರ್ತನದ ಸ್ನಾನದಿಂದ ಈ ಹೆಸರು ಬಂತು. 'ನಿಷ್ಣಾತ' ಎಂಬುದೂ ಇದೇ ಧಾತುವಿನದು, ಚೆನ್ನಾಗಿ ಮುಳುಗಿ ಮಿಂದವನು ಎಂದು ಅದರ ಮೂಲಾರ್ಥ. ಒಂದು ವಿಷಯದಲ್ಲಿ ಮುಳುಗಿದವನೇ ಅದರಲ್ಲಿ ಪಳಗಿದವನು ಎಂಬ ಭಾವದಿಂದ ಇಂದಿನ ಅರ್ಥ ಹುಟ್ಟಿತು. ಇಷ್ಟನ್ನು ಹಲವರು ಬಲ್ಲರು. ಹೆಚ್ಚು ಜನ ಗಮನಿಸದ ಸಂಗತಿಯೆಂದರೆ, ಪಾರಸ್ಕರ ಗೃಹ್ಯಸೂತ್ರವು ಸ್ನಾತಕರಲ್ಲಿ ಮೂರು ಬಗೆಯನ್ನು ಹೇಳುತ್ತದೆ: ವೇದವನ್ನು ಓದಿ ಮುಗಿಸಿ, ಬ್ರಹ್ಮಚರ್ಯದ ವ್ರತವನ್ನು ಪೂರೈಸುವ ಮೊದಲೇ ಹೊರಟವನು ವಿದ್ಯಾಸ್ನಾತಕ, ವ್ರತದ ಅವಧಿಯನ್ನು ಪೂರೈಸಿ ಓದು ಮುಗಿಸದೆ ಹೊರಟವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಓದಿಗೂ ವ್ರತಕ್ಕೂ ಬೇರೆ ಬೇರೆ ಲೆಕ್ಕವಿದೆ, ಒಂದು ಮುಗಿದರೆ ಇನ್ನೊಂದು ಮುಗಿದಂತಲ್ಲ ಎಂಬ ವಿವೇಕ ಅಂದಿನವರಿಗಿತ್ತು. ಫ್ಲೆಕ್ಸ್ ಬರೆದವರಿಗೆ ಬೇಕಾಗಿದ್ದುದು ಆ ವಿವೇಕವೇ. ಲೀಗಲ್ ಸ್ಟಡೀಸ್ ಓದಿದವರು ಕಾನೂನಿನಲ್ಲಿ ವಿದ್ಯಾಸ್ನಾತಕರು. ವಕೀಲರಿಗಾದರೋ ಓದಿನ ಮೇಲೆ ಒಂದು ವ್ರತವಿದೆ, ಅದರ ಗುರುತಾಗಿ ಒಂದು ಸನ್ನದೂ ಇದೆ.

'ವಕೀಲ' ಎಂಬ ಪದವನ್ನೇ ನೋಡಿ. ಒಪ್ಪಿಸು, ವಹಿಸು ಎಂಬರ್ಥದ ಅರಬ್ಬಿ ಧಾತುವಿನಿಂದ ಬಂದ ಇದರ ಅರ್ಥ, ಇನ್ನೊಬ್ಬರು ತಮ್ಮ ಕೆಲಸವನ್ನು ಯಾರಿಗೆ ವಹಿಸಿದ್ದಾರೋ ಅವನು ಎಂದು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಪುಣೆ, ಹೈದರಾಬಾದುಗಳ ದರ್ಬಾರುಗಳಿಗೆ ಹೋಗುತ್ತಿದ್ದ ವಕೀಲರು ರಾಯಭಾರಿಗಳೇ ಹೊರತು ಕರಿಕೋಟಿನವರಲ್ಲ. ಇಂದಿಗೂ ಕೋರ್ಟಿನ ಆವರಣದಲ್ಲಿ 'ವಕಾಲತ್ತು ಹಾಕುವುದು' ಎಂದರೆ ಕಕ್ಷಿಗಾರ ಸಹಿ ಮಾಡಿ ತನ್ನ ವ್ಯಾಜ್ಯವನ್ನು ಒಪ್ಪಿಸಿದ ಕಾಗದವನ್ನು ಸಲ್ಲಿಸುವುದು. ಅಂದರೆ ವಕೀಲನಾಗುವುದು ಎಷ್ಟು ಓದಿದೆ ಎಂಬುದರಿಂದ ಮಾತ್ರ ಆಗುವ ಮಾತಲ್ಲ, ಯಾರು ಏನನ್ನು ವಹಿಸಿಕೊಟ್ಟರು, ವಹಿಸಿಕೊಳ್ಳಲು ನಿನಗೆ ಅಧಿಕಾರ ಯಾರು ಕೊಟ್ಟರು ಎಂಬುದರ ಮಾತು.

'ಕಾನೂನು' ಎಂಬ ಪದದ ಪ್ರಯಾಣ ಇನ್ನೂ ಉದ್ದನೆಯದು. ಗ್ರೀಕಿನಲ್ಲಿ 'ಕನೋನ್' ಎಂದರೆ ನೇರವಾದ ಕೋಲು, ಅಳತೆಯ ಕಡ್ಡಿ. ಅದರ ಹಿಂದಿರುವುದು ಜೊಂಡಿನ ಹೆಸರು. ಅಳತೆಯ ಕೋಲಿನಿಂದ ಅಳತೆಯ ನಿಯಮ, ನಿಯಮದಿಂದ ಶಾಸನ ಎಂದು ಅರ್ಥ ಹಿಗ್ಗಿ, ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮ ಕಚೇರಿಗಳಿಗೆ ಬಂತು. ಪಶ್ಚಿಮಕ್ಕೆ ಹೋದ ಅದೇ ಪದ ಕ್ರೈಸ್ತ ಧರ್ಮಪೀಠದ 'ಕ್ಯಾನನ್ ಲಾ' ಆಯಿತು. 1687ರಿಂದ ಮೊಘಲ್ ಆಡಳಿತದ ಕೇಂದ್ರವಾಗಿದ್ದ ಶಿರಾ ನಮ್ಮ ಜಿಲ್ಲೆಯಲ್ಲಿಯೇ ಇರುವುದರಿಂದ ಪಾರಸಿಯ ಕಂದಾಯ ಪದಗಳು ನಮಗೆ ಹೊಸವಲ್ಲ. ಮೊಘಲರ ಕಂದಾಯ ವ್ಯವಸ್ಥೆಯಲ್ಲಿ 'ಕಾನೂನ್‌ಗೋ' ಎಂಬ ಅಧಿಕಾರಿಯಿದ್ದ. ಪದಶಃ ಅರ್ಥ 'ಕಾನೂನು ಹೇಳುವವನು'. ಪರಗಣೆಯ ಜಮೀನಿನ ದಾಖಲೆ, ಕಂದಾಯದ ರೂಢಿ ಎಲ್ಲವೂ ಅವನಿಗೆ ಬಾಯಿಪಾಠವಾಗಿರಬೇಕಿತ್ತು, ಆದರೆ ಅವನು ಯಾರ ಪರವಾಗಿಯೂ ವಾದಿಸುತ್ತಿರಲಿಲ್ಲ. ಕಾನೂನು ಬಲ್ಲವರೆಲ್ಲ ವಕೀಲರಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ನಾನು ಹುಡುಕಲು ಹೋಗುವುದಿಲ್ಲ.

ಈಗ ಎಲ್‌ಎಲ್.ಬಿ., ಎಲ್‌ಎಲ್.ಎಂ.ಗಳಲ್ಲಿರುವ ಎರಡು 'ಎಲ್'ಗಳ ವಿಚಾರ. ನಮ್ಮ ಬಿ.ಎಚ್. ರಸ್ತೆಯ ಉದ್ದಕ್ಕೂ ನಾಮಫಲಕಗಳಲ್ಲಿ ಎರಡು 'ಎಲ್'ಗಳ ನಡುವೆ ಚುಕ್ಕೆ ಇಟ್ಟಿರುತ್ತಾರೆ, ಅದು ತಪ್ಪು. 'ಬ್ಯಾಚುಲರ್ ಆಫ್ ಲೆಜಿಸ್ಲೇಟಿವ್ ಲಾ' ಎಂದು ಅದನ್ನು ಬಿಡಿಸುವುದು ಇನ್ನೂ ದೊಡ್ಡ ತಪ್ಪು, ಅದನ್ನು ಸಾಮಾನ್ಯ ಜ್ಞಾನದ ಕೈಪಿಡಿಗಳಲ್ಲಿ ಅಚ್ಚು ಹಾಕಿ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅಪರಾಧ. ಲ್ಯಾಟಿನ್ನಿನಲ್ಲಿ 'ಲೆಕ್ಸ್' ಎಂದರೆ ಕಾನೂನು, 'ಲೆಗುಮ್' ಎಂದರೆ ಕಾನೂನುಗಳ. ಸಂಕ್ಷೇಪಾಕ್ಷರವನ್ನು ಜೋಡಿಸಿ ಬರೆದು ಬಹುವಚನವನ್ನು ಸೂಚಿಸುವುದು ಆ ಭಾಷೆಯ ಪದ್ಧತಿ. ನಮ್ಮಲ್ಲಿ ಎರಡು 'ಶ್ರೀ' ಗೌರವಕ್ಕೆ, ಅವರಲ್ಲಿ ಎರಡು 'ಎಲ್' ಬಹುವಚನಕ್ಕೆ. ಒಂದೇ ಪದದ ಸಂಕ್ಷೇಪವಾದ್ದರಿಂದ ನಡುವೆ ಚುಕ್ಕೆಗೆ ಜಾಗವಿಲ್ಲ. ಬಹುವಚನವೇಕೆ ಎಂದರೆ, ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ರೋಮನ್ನರ ಸಿವಿಲ್ ಕಾನೂನು ಮತ್ತು ಧರ್ಮಪೀಠದ ಕ್ಯಾನನ್ ಕಾನೂನು ಎಂದು ಎರಡನ್ನು ಕಲಿಸುತ್ತಿದ್ದರು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಾಗೆ ನೋಡಿದರೆ ಆ ಜೋಡಿ 'ಎಲ್'ನಲ್ಲಿ ಒಂದರ ಹಿಂದೆ ನಮ್ಮ 'ಕಾನೂನು' ಪದದ ದಾಯಾದಿಯೇ ಅಡಗಿ ಕುಳಿತಿದ್ದಾನೆ. ಲೀಗಲ್ ಸ್ಟಡೀಸ್ ಪದವಿಯ ಸಂಕ್ಷೇಪವಾದ ಎಂ.ಎಲ್.ಎಸ್.ನಲ್ಲಿ ಇರುವುದು ಒಂಟಿ 'ಎಲ್', ಅದು ಇಂಗ್ಲಿಷಿನ 'ಲೀಗಲ್'ನದು.

ಅಮೆರಿಕದಲ್ಲಿ ಈ ಪದವಿಗೆ ಒಂದೇ ಹೆಸರಿಲ್ಲದಿರುವುದೂ ತೊಡಕಿಗೆ ಕಾರಣ. ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್, ಮಾಸ್ಟರ್ ಆಫ್ ಸ್ಟಡೀಸ್ ಇನ್ ಲಾ, ಜ್ಯೂರಿಸ್ ಮಾಸ್ಟರ್, ಮಾಸ್ಟರ್ ಆಫ್ ಜ್ಯೂರಿಸ್‌ಪ್ರುಡೆನ್ಸ್ ಎಂದು ಒಂದೊಂದು ಶಾಲೆ ಒಂದೊಂದು ಹೆಸರಿಡುತ್ತದೆ. ಪೂರ್ಣಾವಧಿಯಲ್ಲಿ ಓದಿದರೆ ಸಾಮಾನ್ಯವಾಗಿ ಒಂದು ವರ್ಷದ ವ್ಯಾಸಂಗ. ಅಲ್ಲಿ ವಕೀಲರಾಗುವವರು ಮೂರು ವರ್ಷದ ಜೆ.ಡಿ. (ಜ್ಯೂರಿಸ್ ಡಾಕ್ಟರ್) ಎಂಬ ಕಾನೂನು ಪದವಿ ಮುಗಿಸಿ, ವಕೀಲಿಯ ಪರವಾನಗಿಗಾಗಿ ಬಾರ್ ಪರೀಕ್ಷೆ ಬರೆಯುತ್ತಾರೆ. ಈ ಒಂದು ವರ್ಷದ ಪದವಿ ಆ ಪರೀಕ್ಷೆಗೆ ಅರ್ಹತೆಯಲ್ಲ. ಯೇಲ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಪತ್ರಕರ್ತರಿಗಾಗಿಯೇ ಇಂಥದೊಂದು ವ್ಯಾಸಂಗವನ್ನು ನಡೆಸಿತು. ತೀರ್ಪನ್ನು ಓದಿ ವರದಿ ಬರೆಯುವವನಿಗೆ ತೀರ್ಪು ಅರ್ಥವಾಗಬೇಕೆಂಬುದು ಅದರ ಆಶಯ. ನಮ್ಮ ಪತ್ರಿಕೆಗಳಲ್ಲಿ 'ಆರೋಪಿ' ಮತ್ತು 'ಅಪರಾಧಿ' ಒಂದೇ ವರದಿಯಲ್ಲಿ ಒಬ್ಬನಿಗೇ ಅಂಟಿಕೊಳ್ಳುವುದನ್ನು ಕಂಡವರು ಆ ಆಶಯವನ್ನು ಹಗುರವಾಗಿ ಕಾಣಲಾರರು. ಇಂಗ್ಲೆಂಡಿನದು ಇನ್ನೊಂದು ತೊಡಕು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಕಾನೂನು ಪದವಿ ಇಲ್ಲದವರನ್ನೂ ಎಲ್‌ಎಲ್.ಎಂ.ಗೆ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಬಿ.ಇ. ಮುಗಿಸಿ ಅಲ್ಲಿ ಎಲ್‌ಎಲ್.ಎಂ. ಮಾಡಿ ಬಂದ ಕೋಲಾರದ ಹುಡುಗನ ಹೆಸರಿನ ಮುಂದೆ ಜೋಡಿ 'ಎಲ್' ಇರುತ್ತದೆ, ಆದರೆ ಇಲ್ಲಿ ಅವನು ವಕೀಲನಾಗಲಾರ.

ಏಕೆಂದರೆ ಇಲ್ಲಿನ ನಿಯಮ ಬೇರೆ. 1961ರ ವಕೀಲರ ಕಾಯ್ದೆಯ 24ನೆಯ ಕಲಮಿನಂತೆ ವಕೀಲರ ಪಟ್ಟಿಗೆ ಹೆಸರು ಸೇರಿಸಲು ಭಾರತೀಯ ಬಾರ್ ಕೌನ್ಸಿಲ್ ಮಾನ್ಯ ಮಾಡಿದ ಕಾನೂನು ಪದವಿ ಬೇಕು, 21 ವರ್ಷ ತುಂಬಿರಬೇಕು. 29ನೆಯ ಕಲಮಿನಂತೆ ವಕೀಲಿ ನಡೆಸುವ ಹಕ್ಕು ಆ ಪಟ್ಟಿಯಲ್ಲಿ ಇರುವವರಿಗೆ ಮಾತ್ರ. ಪಟ್ಟಿಯಲ್ಲಿಲ್ಲದೆ ನಡೆಸಿದರೆ 45ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ. ಕೋರ್ಟಿಗೆ ಹೋಗದೆ ಕುಳಿತಲ್ಲೇ ಸಲಹೆ ಕೊಡುತ್ತೇನೆ ಎಂದು ನುಣುಚಿಕೊಳ್ಳುವಂತೆಯೂ ಇಲ್ಲ: ವಿದೇಶಿ ವಕೀಲರ ಕುರಿತು 2018ರಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಕೀಲಿ ಎಂಬುದರಲ್ಲಿ ಕೋರ್ಟಿನ ವಾದದ ಜೊತೆಗೆ ಕೋರ್ಟಿನ ಹೊರಗಿನ ಕಾನೂನು ಕೆಲಸವೂ ಸೇರುತ್ತದೆ ಎಂದು ಹೇಳಿದೆ. ಎಲ್‌ಎಲ್.ಬಿ. ಕೇಳದೆ ಯಾವ ಪದವೀಧರರನ್ನಾದರೂ ಸೇರಿಸಿಕೊಂಡು ಕೊಡುವ ಪದವಿಗೆ ಎಲ್‌ಎಲ್.ಎಂ. ಎಂಬ ಹೆಸರು ಇಡಕೂಡದೆಂದು ಬಾರ್ ಕೌನ್ಸಿಲ್ ತನ್ನ 2020ರ ನಿಯಮಾವಳಿಯಲ್ಲಿ ಬರೆದಿದೆ. ಕರಪತ್ರದ ಏಜೆಂಟರು ಇದನ್ನು ಓದಿರಲಾರರು.

ಹಾಗಾದರೆ ಈ ಪದವಿ ಯಾರಿಗೆ? ಕಾನೂನು ದಿನವೂ ಎದುರಾಗುವ, ಆದರೆ ವಾದ ಮಾಡುವುದು ಕಸುಬಲ್ಲದ ಜನರಿಗೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಅಧಿಕಾರಿಯನ್ನು ತೆಗೆದುಕೊಳ್ಳಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೆಯ ಕಲಮು ಸಂಧಾನದ ಹಂತದಲ್ಲಿ ವಕೀಲರಿಗೆ ಪ್ರವೇಶವನ್ನೇ ಕೊಟ್ಟಿರಲಿಲ್ಲ, ಕಾರ್ಮಿಕ ನ್ಯಾಯಾಲಯದಲ್ಲಿಯೂ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಎರಡೂ ಬೇಕಿದ್ದವು. ಅಂದರೆ ಸಂಧಾನಾಧಿಕಾರಿಯ ಮೇಜಿನ ಮುಂದೆ ಕಾಯ್ದೆಯ ಕಲಮು ಹಿಡಿದು ಮಾತಾಡಬೇಕಾಗಿದ್ದವರು ಸಿಬ್ಬಂದಿ ಅಧಿಕಾರಿ ಮತ್ತು ಕಾರ್ಮಿಕ ಸಂಘದ ಕಾರ್ಯದರ್ಶಿ. ಪೇಟೆಂಟ್ ಏಜೆಂಟರ ಪರೀಕ್ಷೆಗಂತೂ ಕೇಳುವುದು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯನ್ನು, ಎಲ್‌ಎಲ್.ಬಿ.ಯನ್ನಲ್ಲ. ಇಂಥವರಿಗಾಗಿಯೇ ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ಯಾವುದೇ ವಿಷಯದ ಪದವೀಧರರಿಗೆ ತೆರೆದಿದ್ದ ಮಾಸ್ಟರ್ ಆಫ್ ಬಿಸಿನೆಸ್ ಲಾಸ್ ವ್ಯಾಸಂಗವನ್ನು ದೂರಶಿಕ್ಷಣದಲ್ಲಿ ನಡೆಸಿತು. ನನ್ನ ಪರಿಚಯದ ಬ್ಯಾಂಕ್ ಅಧಿಕಾರಿಯೊಬ್ಬರು ಅದನ್ನು ಓದಿದ್ದರು. ಅಡಮಾನದ ಪತ್ರ ಕೈಗೆ ಬಂದರೆ ವಕೀಲರು ಕೊಟ್ಟ ಅಭಿಪ್ರಾಯವನ್ನು ಬದಿಗಿಟ್ಟು ಮೊದಲು ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರ ಓದುತ್ತಿದ್ದರು, ಪೋಡಿಯಾಗದ, ಅಂದರೆ ಅಳೆದು ಹಿಸ್ಸೆ ಬೇರ್ಪಡಿಸದ ಜಮೀನೆಂದು ಗೊತ್ತಾದರೆ ಕಡತವನ್ನು ವಾಪಸು ತಳ್ಳುತ್ತಿದ್ದರು, ಹೀಗಿದ್ದರೂ ಯಾರಾದರೂ 'ಲಾಯರ್ ಸಾಹೇಬರೇ' ಎಂದರೆ ತಿದ್ದುತ್ತಿದ್ದರು. ಮಾತಿಗೆ ಮಾತು ಕೊಡುವವನನ್ನು 'ಲಾ ಪಾಯಿಂಟ್ ಹಾಕುತ್ತಾನೆ' ಎನ್ನುವ ನಮ್ಮ ಊರಿನಲ್ಲಿ ಆ ತಿದ್ದುಪಡಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ.

ಕನ್ನಡದಲ್ಲಿ ಏನೆಂದು ಬರೆಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ: 'ಸ್ಟಡೀಸ್' ಎಂಬುದನ್ನು ಅಲಂಕಾರವೆಂದು ಬಿಡಬೇಡಿ, ಆ ಹೆಸರಿನ ಜೀವವೇ ಅದು. 'ಕಾನೂನು ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ' ಎಂದರೆ 'ಅಧ್ಯಯನ' ವಕೀಲಿಯಿಂದ ಬೇರ್ಪಡಿಸುತ್ತದೆ, 'ದಲ್ಲಿ' ಎಂಬ ಸಪ್ತಮಿ ಸಮಾಸವನ್ನು ಒಡೆದು ಎರಡನೆಯ ವಿಗ್ರಹವನ್ನೇ ಖಚಿತಪಡಿಸುತ್ತದೆ. ಎಲ್‌ಎಲ್.ಎಂ.ಗೆ ಎಲ್‌ಎಲ್.ಎಂ. ಎಂದೇ ಬರೆದರೆ ಸಾಕು, ಅದನ್ನು ಅನುವಾದಿಸಿ ಯಾರಿಗೂ ಉಪಕಾರವಾಗಿಲ್ಲ.

ಆ ಹೆಣ್ಣುಮಗಳ ಸೋದರಮಾವ ನನ್ನ ಹಳೆಯ ವಿದ್ಯಾರ್ಥಿ. ಸಂಘದವರು ಇನ್ನೊಂದು ಸನ್ಮಾನ ಇಟ್ಟುಕೊಂಡಾಗ ಒಕ್ಕಣೆಯನ್ನು ತಿದ್ದಿಕೊಡಿ ಎಂದು ನನ್ನನ್ನು ಫ್ಲೆಕ್ಸ್ ಅಂಗಡಿಗೇ ಕರೆದೊಯ್ದ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ಅಕ್ಷರಗಳನ್ನು ಎಳೆದೂ ಕುಗ್ಗಿಸಿಯೂ ನೋಡಿ, "ಮೇಷ್ಟ್ರೇ, ಈ 'ಅಧ್ಯಯನದಲ್ಲಿ' ಹಾಕಿದರೆ ಸಾಲು ಎರಡಾಗುತ್ತೆ, ಫೋಟೋ ಚಿಕ್ಕದು ಮಾಡಬೇಕಾಗುತ್ತೆ" ಎಂದ. 'ವಕೀಲರಾದ' ಎಂಬುದನ್ನು ತೆಗೆಯಲು ಹೇಳಿದೆ. ಸಾಲು ಒಂದೇ ಆಯಿತು, ಫೋಟೋ ಇದ್ದಷ್ಟೇ ಉಳಿಯಿತು.