ಶಾಸನದ ಪಾಠ ಅರ್ಧಕ್ಕೆ ಕಡಿದುಹೋಗಿದೆ, ಫೋಟೊ ಲಿಂಕ್ ತೆರೆಯುತ್ತಿಲ್ಲ. ಏನು ಮಾಡೋದು?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಊರು ಬೇಲೂರಿನ ಹತ್ತಿರ. ನಮ್ಮ ಸುತ್ತಮುತ್ತಲಿನ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ಪಟ್ಟಿ ಮಾಡುತ್ತಿದ್ದೇನೆ. ಮೊದಲು ಎಕ್ಸೆಲ್‌ನಲ್ಲಿ ಇತ್ತು. ಮೊಮ್ಮಗ ಬಂದಾಗ ಅದನ್ನೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್‌ಗೆ ಹಾಕಿಕೊಟ್ಟು ಬೆಂಗಳೂರಿಗೆ ಹೊರಟುಹೋದ. ಈಗ ನೋಡಿದರೆ ಕೆಲವು ಶಾಸನದ ಪಾಠ ನಾಲ್ಕೈದು ಸಾಲಿಗೇ ನಿಂತಿದೆ. ಫೋಟೊ ಲಿಂಕ್‌ಗಳು ನೀಲಿಯಾಗಿ ಕಾಣುತ್ತವೆ, ಒತ್ತಿದರೆ ಕೆಲವು ಸುಮ್ಮನಿರುತ್ತವೆ, ಕೆಲವು ಫೈಲ್ ಸಿಗಲಿಲ್ಲ ಅನ್ನುತ್ತವೆ. ನನ್ನ ಕೆಲಸ ಎಲ್ಲ ನೀರಿಗೆ ಹೋಯಿತೇ?

ಹೋಗಿಲ್ಲ ಮೇಷ್ಟ್ರೇ. ಆದರೆ ಒಂದು ಮಾತು, ಆ ಹಳೇ ಎಕ್ಸೆಲ್ ಫೈಲ್ ಇದೆಯಲ್ಲ, ಅದನ್ನು ಮಾತ್ರ ಅಳಿಸಬೇಡಿ. ನಾನು ಒಮ್ಮೆ ಎಲ್ಲ ಸರಿಯಾಗಿ ಬಂದಿದೆ ಅಂದುಕೊಂಡು ಅಳಿಸಿ, ಕೆಲವು ತಿಂಗಳ ಮೇಲೆ ಟಿಪ್ಪಣಿಗಳು ಅರ್ಧಕ್ಕೆ ನಿಂತಿದ್ದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಕ್ಸೆಸ್ ಫೈಲ್‌ನದ್ದೂ ಒಂದು ಕಾಪಿ ಪಕ್ಕಕ್ಕಿಡಿ, ಆಮೇಲೆ ಮುಂದಿನದು.

ಮೊದಲು ಗೊತ್ತಾಗಬೇಕಾದ್ದು, ಪಾಠ ನಿಜಕ್ಕೂ ಕಡಿದುಹೋಗಿದೆಯಾ ಅಥವಾ ಒಳಗೆ ಪೂರ್ತಿ ಇದ್ದು ನಿಮಗೆ ಮಾತ್ರ ಅರ್ಧ ಕಾಣುತ್ತಿದೆಯಾ ಅನ್ನೋದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹೊಸದೊಂದು ಕ್ವೆರಿ (ಟೇಬಲ್‌ನಿಂದ ಬೇಕಾದ್ದನ್ನು ಆರಿಸಿ ತೋರಿಸುವ ಪ್ರಶ್ನೆ) ಮಾಡಿ, ಅದರಲ್ಲಿ ಒಂದು ಕಾಲಂಗೆ ಲೆನ್([ಪಾಠ]) ಅಂತ ಬರೆಯಿರಿ. ಲೆನ್ ಅನ್ನೋ ಫಂಕ್ಷನ್ ಇಂಗ್ಲಿಷಿನ ಮೂರಕ್ಷರ, ಎಲ್-ಇ-ಎನ್. ಒಳಗೆ ಎಷ್ಟು ಅಕ್ಷರ ಇದೆ ಅಂತ ಅದು ಎಣಿಸಿ ಹೇಳುತ್ತದೆ. ಉದ್ದದ ಶಾಸನಗಳ ಎದುರೆಲ್ಲ ಸರಿಯಾಗಿ 255 ಅಂತ ಬಂದರೆ ಅವು ಒಳಗೆ ಬರುವಾಗಲೇ ಕಡಿದಿವೆ. 600, 900 ಅಂತ ಬಂದರೆ ಪಾಠ ಭದ್ರವಾಗಿದೆ, ಹೊರಗೆ ಬರುವ ದಾರಿಯಲ್ಲಿ ಯಾರೋ ಕತ್ತರಿ ಹಾಕುತ್ತಿದ್ದಾರೆ.

ಈ 255 ಯಾಕೆ ಅಂತ ಕೇಳ್ತೀರಿ. ಆಕ್ಸೆಸ್‌ನಲ್ಲಿ ಬರಹಕ್ಕೆ ಎರಡು ಜಾತಿ ಫೀಲ್ಡ್, ಅಂದರೆ ಕಾಲಂ, ಇವೆ. ಶಾರ್ಟ್ ಟೆಕ್ಸ್ಟ್ ಅನ್ನೋದು ಹೆಚ್ಚೆಂದರೆ 255 ಅಕ್ಷರ ಹಿಡಿಯುತ್ತದೆ. ಲಾಂಗ್ ಟೆಕ್ಸ್ಟ್ ಅನ್ನೋದು ಎಷ್ಟು ಬೇಕಾದರೂ ಹಿಡಿಯುತ್ತದೆ ಅಂದುಕೊಳ್ಳಿ, ಫಾರ್ಮ್‌ನಲ್ಲಿ ತೋರಿಸೋದೇ 64,000 ಅಕ್ಷರದವರೆಗೆ, ನಮ್ಮ ಯಾವ ಶಾಸನವೂ ಅಷ್ಟು ಉದ್ದ ಇಲ್ಲ ಬಿಡಿ. 2013ರ ಆವೃತ್ತಿಗೆ ಮುಂಚೆ ಇದನ್ನೇ ಮೆಮೊ ಅನ್ನುತ್ತಿದ್ದರು. ಹಳೇ ಪುಸ್ತಕದಲ್ಲಿ ಮೆಮೊ ಅಂತ ಕಂಡರೆ ಗಾಬರಿ ಬೇಡ, ಎರಡೂ ಒಂದೇ.

ಕನ್ನಡದವರಿಗೆ ಇಲ್ಲೊಂದು ಹೆಚ್ಚಿನ ಏಟು ಇದೆ, ಅದನ್ನು ಯಾರೂ ಹೇಳೋದಿಲ್ಲ. ಆಕ್ಸೆಸ್ ಎಣಿಸೋದು ನಾವು ಎಣಿಸುವ ಅಕ್ಷರವನ್ನಲ್ಲ. ಯೂನಿಕೋಡ್‌ನಲ್ಲಿ ವ್ಯಂಜನ ಒಂದು, ಅದರ ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಮಾಡಲು ನುಡಿ ಕೀಲಿಮಣೆಯಲ್ಲಿ ಎಫ್ ಒತ್ತುತ್ತೀರಲ್ಲ, ಅದು ಮತ್ತೊಂದು. ಹೆಚ್ಚುಕಡಿಮೆ ನೀವು ಎಷ್ಟು ಸಲ ಕೀ ಒತ್ತಿದಿರೋ ಅಷ್ಟು ಲೆಕ್ಕ. ‘ಹಾಸನ’ ನಮ್ಮ ಕಣ್ಣಿಗೆ ಮೂರು, ಆಕ್ಸೆಸ್‌ಗೆ 4. ಶಾಸನದ ಮೊದಲ ಪದ ‘ಸ್ವಸ್ತಿ’ ನಮಗೆ ಎರಡೇ ಅಕ್ಷರ, ಅದಕ್ಕೆ 7. ಹೊಯ್ಸಳರ ಬಿರುದು ‘ದ್ವಾರಾವತೀಪುರವರಾಧೀಶ್ವರ’ ತಗೊಳ್ಳಿ, ನಮಗೆ 11, ಅದಕ್ಕೆ 21. ಈ ಲೆಕ್ಕದಲ್ಲಿ 255 ಅಂದರೆ ನಮ್ಮ ಸುಮಾರು 130 ಅಕ್ಷರ ಅಷ್ಟೇ. ರಾಜನ ಬಿರುದು ಮುಗಿಯುವ ಮುಂಚೆಯೇ ಜಾಗ ಮುಗಿದಿರುತ್ತದೆ, ದಾನ ಕೊಟ್ಟವರು ಯಾರು, ಯಾವ ಗದ್ದೆ, ಬರೆದವನು ಯಾರು ಅನ್ನೋದೆಲ್ಲ ಹೊರಗೆ. ಇನ್ನೊಂದು ಗುರುತು ಹೇಳುತ್ತೇನೆ. ಪಾಠದ ಕೊನೆಯಲ್ಲಿ ‘ಶ್’ ಅಂತಲೋ ‘ರ್’ ಅಂತಲೋ ಅರ್ಧಾಕ್ಷರ ಒಂಟಿಯಾಗಿ ನೇತಾಡುತ್ತಿದ್ದರೆ ಅದು ಕಲ್ಲು ಒಡೆದದ್ದಲ್ಲ, ಕತ್ತರಿ ಒತ್ತಕ್ಷರದ ಮಧ್ಯೆ ಬಿದ್ದಿದೆ.

ಈಗ ಒಳಗೆ ಬರುವಾಗ ಕಡಿದದ್ದರ ವಿಷಯ. ಎಕ್ಸೆಲ್‌ನಿಂದ ಇಂಪೋರ್ಟ್ ಮಾಡುವಾಗ ಆಕ್ಸೆಸ್ ಪೂರ್ತಿ ಹಾಳೆ ಓದಿ ನಿರ್ಧಾರ ಮಾಡೋದಿಲ್ಲ. ಮೊದಲ ಕೆಲವು ಸಾಲು ನೋಡಿ ಕಾಲಂ ಯಾವ ಜಾತಿ ಅಂತ ಊಹೆ ಮಾಡುತ್ತದೆ. ನಿಮ್ಮ ಪಟ್ಟಿಯ ಮೊದಲ ಸಾಲುಗಳಲ್ಲಿ ಎರಡು ಸಾಲಿನ ವೀರಗಲ್ಲುಗಳಿದ್ದರೆ ‘ಓ, ಇದು ಚಿಕ್ಕ ಬರಹ’ ಅಂತ ಶಾರ್ಟ್ ಟೆಕ್ಸ್ಟ್ ಹಾಕಿಬಿಡುತ್ತದೆ, ಕೆಳಗೆ ದೇವಸ್ಥಾನದ ಮೂವತ್ತು ಸಾಲಿನ ದಾನಶಾಸನ ಬಂದಾಗ ಅದನ್ನು 255ಕ್ಕೆ ಕಡಿದು ಮುಂದೆ ಹೋಗುತ್ತದೆ. ಈಗ ಹೋಗಿ ಫೀಲ್ಡನ್ನು ಲಾಂಗ್ ಟೆಕ್ಸ್ಟ್ ಮಾಡಿದರೆ ಕಡಿದದ್ದು ವಾಪಸ್ ಬರೋದಿಲ್ಲ. ಅದಕ್ಕೇ ಎಕ್ಸೆಲ್ ಇಟ್ಟುಕೊಳ್ಳಿ ಅಂದದ್ದು. ದಾರಿ ಇದು: ಆಕ್ಸೆಸ್‌ನಲ್ಲಿ ಮೊದಲೇ ಖಾಲಿ ಟೇಬಲ್ ಮಾಡಿ, ಕಾಲಂ ಹೆಸರುಗಳು ಎಕ್ಸೆಲ್‌ನಲ್ಲಿ ಇದ್ದ ಹಾಗೇ ಇರಲಿ, ‘ಪಾಠ’ ಕಾಲಂಗೆ ಲಾಂಗ್ ಟೆಕ್ಸ್ಟ್ ಅಂತ ನೀವೇ ಹೇಳಿ. ಆಮೇಲೆ ಇಂಪೋರ್ಟ್ ಮಾಡುವಾಗ ಹೊಸ ಟೇಬಲ್ ಅನ್ನೋದನ್ನು ಬಿಟ್ಟು, ಇರುವ ಟೇಬಲ್‌ಗೆ ಸೇರಿಸು ಅನ್ನೋ ಆಯ್ಕೆ ಒತ್ತಿ. ಇನ್ನೂ ಭದ್ರ ಬೇಕಾದರೆ ಎಲ್ಲಕ್ಕಿಂತ ಉದ್ದದ ಶಾಸನವನ್ನು ಎಕ್ಸೆಲ್‌ನಲ್ಲಿ ಮೊದಲ ಸಾಲಿಗೆ ತನ್ನಿ. ಮುಗಿದ ಮೇಲೆ ಮತ್ತೆ ಲೆನ್ ಹಾಕಿ ನೋಡಿ, 255 ಅನ್ನೋ ಸಂಖ್ಯೆ ಸಾಲಾಗಿ ಕಾಣಬಾರದು.

ಒಳಗೆ ಪೂರ್ತಿ ಇದ್ದು ಹೊರಗೆ ಕಡಿಯುತ್ತಿದ್ದರೆ ಅದು ಕ್ವೆರಿಯ ಕೆಲಸ. ನನ್ನ ಪ್ರಕಾರ ಇದೇ ಜಾಸ್ತಿ ಅಪಾಯ, ಯಾಕೆಂದರೆ ಟೇಬಲ್ ಸರಿಯಾಗಿಯೇ ಇರುತ್ತದೆ, ರಿಪೋರ್ಟ್ ಪ್ರಿಂಟ್ ಮಾಡಿ ಹಂಚಿದ ಮೇಲೆ ಗೊತ್ತಾಗುತ್ತದೆ. ಒಂದೇ ಥರದ ಸಾಲು ಎರಡು ಸಲ ಬರಬಾರದು ಅಂತ ನೀವು ಆಕ್ಸೆಸ್‌ಗೆ ಹೇಳಿದಾಗಲೆಲ್ಲ ಅದು ಸಾಲುಗಳನ್ನು ಒಂದಕ್ಕೊಂದು ಹೋಲಿಸಬೇಕು, ಹೋಲಿಸಲು ಉದ್ದದ ಬರಹವನ್ನು 255ಕ್ಕೆ ಕಡಿದುಕೊಳ್ಳುತ್ತದೆ, ಆಮೇಲೆ ಆ ತುಂಡನ್ನೇ ನಿಮಗೆ ಕೊಡುತ್ತದೆ. ಶಾಸನದಲ್ಲಿ ಇದು ಯಾಕೆ ಕೆಟ್ಟದ್ದು ಅಂದರೆ, ಒಬ್ಬನೇ ಅರಸನ ಕಾಲದ ಹತ್ತಾರು ಶಾಸನಗಳು ಶುರುವಾಗೋದೇ ಒಂದೇ ಬಿರುದಾವಳಿಯಿಂದ. ಸ್ವಸ್ತಿ, ಸಮಧಿಗತ ಪಂಚಮಹಾಶಬ್ದ, ಮಹಾಮಂಡಳೇಶ್ವರ, ದ್ವಾರಾವತೀಪುರವರಾಧೀಶ್ವರ, ತಳಕಾಡುಗೊಂಡ ಅಂತ ಸಾಗುತ್ತದೆ, ಮೊದಲ 255 ಅದರಲ್ಲೇ ಕಳೆದುಹೋಗುತ್ತದೆ. ನಿಮ್ಮ ಕ್ವೆರಿಯಲ್ಲಿ ಪಾಠದ ಕಾಲಂ ಮಾತ್ರ ಇದ್ದರೆ, ಎರಡು ಬೇರೆ ಊರಿನ ಬೇರೆ ದಾನದ ಶಾಸನಗಳು ಆಕ್ಸೆಸ್ ಕಣ್ಣಿಗೆ ಒಂದೇ ಆಗಿ, ಒಂದು ಮಾಯ ಆಗಬಹುದು!

ಸರಿಪಡಿಸೋದು ಕಷ್ಟ ಇಲ್ಲ. ಕ್ವೆರಿಯ ಪ್ರಾಪರ್ಟಿಯಲ್ಲಿ ಯುನೀಕ್ ವ್ಯಾಲ್ಯೂಸ್ ಅನ್ನೋದು ಎಸ್ ಅಂತಿದ್ದರೆ ನೋ ಮಾಡಿ. ಊರುವಾರು ಲೆಕ್ಕ ಹಾಕುವ ಟೋಟಲ್ಸ್ ಕ್ವೆರಿಯಾದರೆ ಪಾಠದ ಕೆಳಗೆ ಗ್ರೂಪ್ ಬೈ ಬದಲು ಫಸ್ಟ್ ಅಂತ ಹಾಕಿ. ಎರಡು ಟೇಬಲ್ ಕೂಡಿಸುವ ಯೂನಿಯನ್ ಇದ್ದರೆ ಯೂನಿಯನ್ ಆಲ್ ಅಂತ ಬರೆಯಿರಿ. ಇನ್ನು ಫೀಲ್ಡ್‌ನ ಫಾರ್ಮ್ಯಾಟ್ ಅನ್ನೋ ಜಾಗದಲ್ಲಿ ‘@’ ಗುರುತು ಇದ್ದರೂ ಕಡಿಯುತ್ತದೆ, ಅಲ್ಲಿ ಏನೂ ಇರಬಾರದು. ಪಾಠದ ಕಾಲಂ ಮೇಲೆ ಅಕಾರಾದಿ ಜೋಡಿಸಲು ಹೋಗಬೇಡಿ, ಅಲ್ಲೂ ಮೊದಲ 255ನ್ನೇ ನೋಡುತ್ತದೆ. ಜೋಡಣೆಗೆ ತಾಲೂಕು ಒಂದು ಕಾಲಂ, ಶಾಸನದ ನಂಬರ್ ಇನ್ನೊಂದು ಕಾಲಂ ಇರಲಿ, ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಕಾಲದಿಂದ ತಾಲೂಕುವಾರು ನಂಬರ್ ಹೇಗೂ ಇದೆಯಲ್ಲ. ಪದ ಹುಡುಕಲು ಮಾತ್ರ ಯಾವ ತೊಂದರೆಯೂ ಇಲ್ಲ, ಲೈಕ್ "*ಗದ್ದೆ*" ಅಂದರೆ ಪೂರ್ತಿ ಪಾಠದಲ್ಲಿ ಹುಡುಕುತ್ತದೆ.

ಕೆಲವು ಸಲ ಕತ್ತರಿಯೇ ಬಿದ್ದಿರೋದಿಲ್ಲ, ಚೌಕ ಚಿಕ್ಕದಿರುತ್ತದೆ ಅಷ್ಟೇ. ಶಿಫ್ಟ್ ಜೊತೆ ಎಫ್2 ಒತ್ತಿ, ದೊಡ್ಡ ಕಿಟಕಿಯಲ್ಲಿ ಪೂರ್ತಿ ಕಾಣುತ್ತದೆ. ರಿಪೋರ್ಟ್‌ನಲ್ಲಿ ಕ್ಯಾನ್ ಗ್ರೋ ಅನ್ನೋದನ್ನು ಎಸ್ ಮಾಡಿ. ಶಾಸನದ ಸಾಲು ಮುರಿಯುವ ಕಡೆ ಹೊಸ ಸಾಲಿಗೆ ಹೋಗಲು ಕಂಟ್ರೋಲ್ ಜೊತೆ ಎಂಟರ್.

ಹಳೇ ಪಾಠಗಳನ್ನು ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಆಕ್ಸೆಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಯಾವ ಪದವೂ ಹುಡುಕಲು ಸಿಗೋದಿಲ್ಲ. ರಿಚ್ ಟೆಕ್ಸ್ಟ್ ಮಾಡಿ ಬಣ್ಣ, ದಪ್ಪ ಅಕ್ಷರ ಹಾಕಬಹುದು ಅಂತ ಮೊಮ್ಮಗ ಹೇಳಿರಬಹುದು. ಬೇಡ. ಅದು ಒಳಗೊಳಗೇ ಎಚ್‌ಟಿಎಂಎಲ್ ಗುರುತುಗಳನ್ನು ತುಂಬುತ್ತದೆ, ಪಾಠ ಅಂದರೆ ಪಾಠವೇ ಇರಲಿ.

ಇನ್ನು ಲಿಂಕ್. ಹೈಪರ್‌ಲಿಂಕ್ ಫೀಲ್ಡ್ ಅಂದರೆ ಏನೋ ಮಂತ್ರ ಅಂದುಕೊಳ್ಳುತ್ತಾರೆ ಜನ. ಅದೂ ಒಳಗೆ ಉದ್ದದ ಬರಹವೇ, ಮಧ್ಯೆ ‘#’ ಗುರುತಿನ ಗೋಡೆ ಹಾಕಿ ನಾಲ್ಕು ಕೋಣೆ ಮಾಡಿದ್ದಾರೆ. ಮೊದಲ ಕೋಣೆಯಲ್ಲಿ ಕಣ್ಣಿಗೆ ಕಾಣುವ ಹೆಸರು, ಎರಡನೆಯದರಲ್ಲಿ ಫೈಲ್ ಅಥವಾ ವೆಬ್ ವಿಳಾಸ, ಮೂರನೆಯದರಲ್ಲಿ ಆ ಫೈಲಿನ ಒಳಗಿನ ಜಾಗ, ನಾಲ್ಕನೆಯದರಲ್ಲಿ ಮೌಸ್ ಇಟ್ಟಾಗ ಮೂಡುವ ಮಾತು. ಇದು ತಿಳಿದರೆ ನಿಮ್ಮ ಎರಡೂ ತೊಂದರೆ ತಾನಾಗಿಯೇ ಬಿಡಿಸಿಕೊಳ್ಳುತ್ತವೆ.

ಒತ್ತಿದರೂ ಸುಮ್ಮನಿರುವ ಲಿಂಕ್‌ಗಳಲ್ಲಿ ಗೋಡೆಯೇ ಇಲ್ಲ. ಮೊಮ್ಮಗ ಬಹುಶಃ ಅಪೆಂಡ್ ಕ್ವೆರಿ (ಟೇಬಲ್‌ಗೆ ಸಾಲು ಸೇರಿಸುವ ಕ್ವೆರಿ) ಹಾಕಿ ಫೈಲಿನ ದಾರಿಗಳನ್ನು ಒಟ್ಟಿಗೆ ತುಂಬಿದ್ದಾನೆ. ‘#’ ಇಲ್ಲದ ಕಾರಣ ಆಕ್ಸೆಸ್ ಅಷ್ಟನ್ನೂ ಮೊದಲ ಕೋಣೆಗೆ ಹಾಕಿತು, ವಿಳಾಸದ ಕೋಣೆ ಖಾಲಿ. ನೀಲಿ ಬಣ್ಣ ಇದೆ, ಹೋಗಲು ಊರಿಲ್ಲ. ಇದಕ್ಕೆ ಅಪ್‌ಡೇಟ್ ಕ್ವೆರಿಯಲ್ಲಿ "#" & [ಫೋಟೊ] & "#" ಅಂತ ಹಾಕಿದರೆ ದಾರಿ ಎರಡನೇ ಕೋಣೆಗೆ ಬರುತ್ತದೆ. ಈಗಾಗಲೇ ಗೋಡೆ ಇರುವ ಸಾಲುಗಳನ್ನು ಮುಟ್ಟಬಾರದು, ಅದಕ್ಕೆ ಷರತ್ತಿನಲ್ಲಿ ನಾಟ್ ಲೈಕ್ "*[#]*" ಅಂತ ಕೊಡಿ. ಚೌಕ ಕಂಸ ಮರೆತರೆ ಕೆಟ್ಟಿತು, ಲೈಕ್‌ನಲ್ಲಿ ಬರೀ ‘#’ ಅಂದರೆ ಯಾವುದಾದರೂ ಒಂದು ಅಂಕಿ ಅಂತ ಅರ್ಥ.

ಫೈಲ್ ಸಿಗಲಿಲ್ಲ ಅನ್ನುವ ಲಿಂಕ್‌ಗಳ ಹೆಸರು ನೋಡಿ. ‘ಬೇಲೂರು#58’ ಅಂತ ಫೋಟೊಗೆ ಹೆಸರಿಟ್ಟಿದ್ದೀರಲ್ವಾ? ನಂಬರ್ ಅನ್ನೋ ಅರ್ಥದಲ್ಲಿ ನಾವೆಲ್ಲ ಇಡುತ್ತೇವೆ. ಆಕ್ಸೆಸ್‌ಗೆ ಅದು ಗೋಡೆ. ‘ಬೇಲೂರು’ವರೆಗಿನ ದಾರಿ ಒಂದು ಕೋಣೆಗೆ, ‘58’ ಮತ್ತು ಅದರ ಬಾಲ ವಿಳಾಸದ ಕೋಣೆಗೆ. ಆ ಹೆಸರಿನ ಫೈಲ್ ಎಲ್ಲೂ ಇಲ್ಲ, ಪಾಪ ಅದೇನು ಮಾಡೀತು? ಫೈಲ್ ಹೆಸರಿನಲ್ಲಿ ‘#’ ತೆಗೆದು ಅಡ್ಡಗೆರೆ ಹಾಕೋದೊಂದೇ ದಾರಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕೇಳಿದರೆ ಹೈಪರ್‌ಲಿಂಕ್ ಫೀಲ್ಡೇ ಬೇಡ. ನೀವು ಡಿ ಡ್ರೈವ್‌ನಲ್ಲಿ ಇಟ್ಟ ಫೋಟೊಗಳನ್ನು ನಾಳೆ ಪೆನ್‌ಡ್ರೈವ್‌ಗೆ ಹಾಕಿ ಹಾಸನದಲ್ಲಿ ಯಾರಿಗೋ ತೋರಿಸಲು ಹೋದರೆ ಡ್ರೈವ್ ಅಕ್ಷರ ಬದಲಾಗಿ ಎಲ್ಲ ಲಿಂಕ್ ಒಟ್ಟಿಗೆ ಸಾಯುತ್ತವೆ. ಬದಲಿಗೆ ಶಾರ್ಟ್ ಟೆಕ್ಸ್ಟ್ ಫೀಲ್ಡ್‌ನಲ್ಲಿ ಬರೀ ಫೈಲ್ ಹೆಸರು ಇಡಿ. ಫೋಟೊ ಫೋಲ್ಡರ್ ಡೇಟಾಬೇಸ್ ಇರುವ ಜಾಗದಲ್ಲೇ ಇರಲಿ. ಫಾರ್ಮ್‌ನಲ್ಲಿ ಒಂದು ಬಟನ್ ಇಟ್ಟು, ಡೇಟಾಬೇಸ್ ಈಗ ಎಲ್ಲಿದೆ ಅಂತ ಕರೆಂಟ್‌ಪ್ರಾಜೆಕ್ಟ್.ಪಾತ್‌ನಿಂದ ಕೇಳಿ, ಅದಕ್ಕೆ ಫೋಲ್ಡರ್ ಮತ್ತು ಫೈಲ್ ಹೆಸರು ಅಂಟಿಸಿ, ಅಪ್ಲಿಕೇಶನ್.ಫಾಲೋಹೈಪರ್‌ಲಿಂಕ್‌ಗೆ ಕೊಟ್ಟರೆ ಫೋಟೊ ತೆರೆಯುತ್ತದೆ. ಒಂದೇ ಸಾಲಿನ ಕೋಡ್, ಮೊಮ್ಮಗನಿಗೆ ಫೋನ್‌ನಲ್ಲಿ ಹೇಳಿದರೂ ಬರೆದುಕೊಡುತ್ತಾನೆ. ಫೋಲ್ಡರ್ ಹೆಸರು, ಫೈಲ್ ಹೆಸರು, ಆ ಫೀಲ್ಡ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡಾಭಿಮಾನ ಇಲ್ಲ ಅಂತಲ್ಲ, ಕೋಡ್ ಬರೆಯುವ ಕಿಟಕಿಗೆ ಕನ್ನಡ ಬರೋದಿಲ್ಲ, ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ.

ಫೋಟೊಗಳನ್ನೇ ಅಟ್ಯಾಚ್‌ಮೆಂಟ್ ಮಾಡಿ ಒಳಗೆ ತುಂಬಿದರೆ ಆಗಲ್ವಾ ಅಂದರೆ, ಆಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ. ಮೊಬೈಲ್ ಫೋಟೊ ಒಂದೊಂದು 4–5 ಎಂಬಿ ಇದ್ದರೆ ನಾನೂರು ಐನೂರಕ್ಕೆ ತುಂಬಿತು. ಒಂದು ಕಲ್ಲಿಗೆ ಮೂರು ಫೋಟೊ, ಪಡಿಯಚ್ಚಿನದ್ದು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು) ಒಂದು ಅಂದರೆ ನಿಮ್ಮ ತಾಲೂಕೇ ಮುಗಿಯೋದಿಲ್ಲ.

ಹೈಪರ್‌ಲಿಂಕ್‌ನಿಂದ ಹೊಸ ಫೀಲ್ಡ್‌ಗೆ ಬರುವಾಗ ಎಲ್ಲವನ್ನೂ ಮತ್ತೆ ಟೈಪ್ ಮಾಡಲು ಕೂರಬೇಡಿ. ಹೈಪರ್‌ಲಿಂಕ್‌ಪಾರ್ಟ್([ಫೋಟೊ], 2) ಅಂತ ಕ್ವೆರಿಯಲ್ಲಿ ಬರೆದರೆ ಎರಡನೇ ಕೋಣೆಯ ವಿಳಾಸ ಮಾತ್ರ ಹೊರಬರುತ್ತದೆ, 1 ಅಂದರೆ ಮೊದಲ ಕೋಣೆಯದ್ದು. ಮೇಲೆ ಹೇಳಿದ ‘#’ ಹೆಸರಿನವು ಎರಡು ತುಂಡಾಗಿ ಬರುತ್ತವೆ, ಅಷ್ಟನ್ನು ಮಾತ್ರ ಕೈಯಲ್ಲಿ ಸರಿಮಾಡಿಕೊಳ್ಳಿ.