ಕಾರಿನ ಕ್ಲೇಮು: ದಿನಗಳು ಎಲ್ಲಿ ಕಳೆದುಹೋಗುತ್ತವೆ?

ಕಾರು ಗುದ್ದಿಸಿಕೊಂಡು ಕ್ಲೇಮು ಹಾಕಿದವರು ಎಷ್ಟು ದಿನ ಕಾಯಬೇಕು ಎನ್ನುವುದಕ್ಕೆ ಕಾಗದದ ಮೇಲೆ ಸ್ಪಷ್ಟ ಉತ್ತರವಿದೆ. ವಿಮಾ ಕ್ಷೇತ್ರದ ನಿಯಂತ್ರಕ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ನೀವು ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್, ಅಂದರೆ ನಷ್ಟ ಎಷ್ಟೆಂದು ಅಂದಾಜು ಮಾಡುವವರು, ನೇಮಕ ಆಗಬೇಕು. ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಹಿಂದಿನ ನಿಯಮದಲ್ಲಿ ಇದೇ ಮೂರು ಹಂತಕ್ಕೆ 72 ಗಂಟೆ, 30 ದಿನ, ಮತ್ತೆ 30 ದಿನ ಇತ್ತು.

ಹೊಸ ಲೆಕ್ಕದಲ್ಲಿ ಮೂರು ವಾರ ಚಿಲ್ಲರೆಯಲ್ಲಿ ಎಲ್ಲ ಮುಗಿಯಬೇಕು. ಆದರೂ ಎರಡು ತಿಂಗಳಿಂದ ಕಾರು ಗ್ಯಾರೇಜಿನಲ್ಲೇ ನಿಂತಿದೆ ಎನ್ನುವವರು ಬೆಂಗಳೂರಿನಲ್ಲಿ ಸರ್ವೇಯರ್ ಆಗಿರುವ ನನಗೆ ಈಗಲೂ ಸಿಗುತ್ತಲೇ ಇರುತ್ತಾರೆ. ಅವರ ಫೈಲು ತೆಗೆದು ತಾರೀಖು ನೋಡಿದರೆ, ಹೆಚ್ಚಿನ ದಿನಗಳು ಗ್ಯಾರೇಜಿನ ಅಂಗಳದಲ್ಲಿ, ಗಾಡಿ ಬಿಚ್ಚುವ ಮೊದಲೇ ಹೋಗಿರುತ್ತವೆ.

ಮುಂಭಾಗ ಗುದ್ದಿದ ಒಂದು ಸಾಧಾರಣ ಕಾರನ್ನೇ ತೆಗೆದುಕೊಳ್ಳಿ. ಗ್ಯಾರೇಜಿನವರು ಹೊರಗಿನಿಂದ ನೋಡಿ ಎಸ್ಟಿಮೇಟ್ ಹಾಕುತ್ತಾರೆ: ಬಂಪರ್, ಗ್ರಿಲ್, ಒಂದು ಹೆಡ್‌ಲೈಟ್, ಬಾನೆಟ್ ಟಿಂಕರಿಂಗ್, ಪೇಂಟು. ಅದಕ್ಕೆ ಒಪ್ಪಿಗೆ ಸಿಗುತ್ತದೆ. ಮೂರ್ನಾಲ್ಕು ದಿನ ಬಿಟ್ಟು ಬಂಪರ್ ಕಳಚಿದಾಗ ಹಿಂದೆ ಎ.ಸಿ. ಕಂಡೆನ್ಸರ್ ಸೀಳಿರುವುದು, ರೇಡಿಯೇಟರ್ ಸಪೋರ್ಟ್ ಬಾಗಿರುವುದು, ಚೆನ್ನಾಗಿದೆ ಎಂದುಕೊಂಡಿದ್ದ ಇನ್ನೊಂದು ಹೆಡ್‌ಲೈಟಿನ ಲಾಕ್ ಮುರಿದಿರುವುದು ಕಾಣುತ್ತದೆ. ಆಗ ಸಪ್ಲಿಮೆಂಟರಿ ಎಸ್ಟಿಮೇಟ್, ಮತ್ತೆ ಫೋಟೊ, ಮತ್ತೆ ಒಪ್ಪಿಗೆ, ಅದಾದ ಮೇಲೆ ಪಾರ್ಟ್ಸ್ ಆರ್ಡರ್. ಕಂಡೆನ್ಸರ್ ಊರಿನ ಡೀಲರ್ ಬಳಿ ಇಲ್ಲದಿದ್ದರೆ ಇನ್ನೊಂದು ವಾರ. ಆದ್ದರಿಂದ ಸರ್ವೇಯರ್ ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ನೋಡಿದ ದಿನವೇ ಬಿಚ್ಚಲು ಸಹಿ ಹಾಕಿಕೊಡಿ, ಪಾರ್ಟ್ಸ್ ಪಟ್ಟಿ ಒಂದೇ ಸಲಕ್ಕೆ ಪೂರ್ತಿ ಬರಲಿ ಎಂದು ಸರ್ವಿಸ್ ಅಡ್ವೈಸರ್‌ಗೆ ಹೇಳಿ. ಇಷ್ಟರಿಂದಲೇ ಎಷ್ಟೋ ದಿನ ಉಳಿಯುತ್ತದೆ.

ನಷ್ಟ 50,000 ರೂಪಾಯಿಗಿಂತ ಕಡಿಮೆ ಇದ್ದರೆ ಲೈಸೆನ್ಸ್ ಇರುವ ಸರ್ವೇಯರ್ ಕಡ್ಡಾಯವಲ್ಲ. ಕಂಪನಿಯೇ ಫೋಟೊ, ವಿಡಿಯೊ ನೋಡಿ ಬೇಗ ಮುಗಿಸಬಹುದು.

ನೀರು ನುಗ್ಗಿದ ಕಾರಿನ ಕಥೆ ಬೇರೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನಿಂತಾಗ ಎಷ್ಟೊಂದು ಕಾರು ಮುಳುಗಿದವು. ಇಂಥ ಹೊತ್ತಿನಲ್ಲಿ ಟೋಯಿಂಗ್ ಗಾಡಿ ಸಿಗುವುದೇ ಕಷ್ಟ, ಗ್ಯಾರೇಜಿನಲ್ಲಿ ಜಾಗವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಎಂಜಿನ್ನಿನದು. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಹೋಗುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಹಾಗಾಗಿ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾನು ಮೊದಲು ಎಳೆಯುವುದು ಎಂಜಿನ್ ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕನ್ನು. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ. ಆಮೇಲೆ ಏರ್ ಫಿಲ್ಟರ್, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರು ಎಲ್ಲಿಯವರೆಗೆ ಹತ್ತಿದೆ ಎಂದು ನೋಡುವುದು. ಪಾಲಿಸಿಯ ಜೊತೆ ಎಂಜಿನ್ನಿಗೆಂದೇ ಬೇರೆಯಾಗಿ ಕೊಳ್ಳುವ ಎಂಜಿನ್ ಪ್ರೊಟೆಕ್ಟ್ ಕವರ್ ಇಲ್ಲದಿದ್ದರೆ, ರಾಡ್ ಬಾಗಿದ್ದು ನೀವು ಸ್ಟಾರ್ಟ್ ಮಾಡಿದ್ದರಿಂದ, ನೆರೆಯಿಂದ ನೇರವಾಗಿ ಅಲ್ಲ ಎಂದು ಕಂಪನಿ ವಾದಿಸುತ್ತದೆ. ಎಂಜಿನ್ ಇಳಿಸಿ ತೋರಿಸಬೇಕಾಗುತ್ತದೆ, ಪತ್ರ ವ್ಯವಹಾರ ತಿಂಗಳು ಹಿಡಿಯುತ್ತದೆ. ನೀರು ನಿಂತ ಬೇಸ್‌ಮೆಂಟಿನಲ್ಲಿ ಕಾರಿದ್ದರೆ ದಯವಿಟ್ಟು ಸ್ಟಾರ್ಟ್ ಬಟನ್ ಮುಟ್ಟಬೇಡಿ. ನೀರು ಎಷ್ಟು ಎತ್ತರಕ್ಕಿತ್ತು ಎನ್ನುವುದು ಕಾಣುವಂತೆ ವಿಡಿಯೊ ಮಾಡಿಕೊಂಡು, ಟೋ ಮಾಡಿಸಿ.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಕಾರಿಗೆ ನಮೂದಾದ ಬೆಲೆ) ಶೇ. 75 ದಾಟಿದರೆ ಅದು ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ನಷ್ಟವಾದ ಲೆಕ್ಕ. ಅಲ್ಲಿ ಹೆಚ್ಚು ಸಮಯ ತಿನ್ನುವುದು ಸಾಲ ಕೊಟ್ಟ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಆರ್‌ಸಿ ಮತ್ತು ಗುಜರಿಗೆ ಬರುವ ಬೆಲೆಯ ಮಾತು. ಕಳವಾದರೆ ಇನ್ನೂ ನಿಧಾನ, ಏಕೆಂದರೆ ಪೊಲೀಸರು ಹುಡುಕಿ ಸಿಗಲಿಲ್ಲವೆಂದು ‘ಸಿ’ ರಿಪೋರ್ಟ್ ಸಲ್ಲಿಸುವವರೆಗೆ ಕಂಪನಿಗಳು ಸಾಮಾನ್ಯವಾಗಿ ಕಾಯುತ್ತವೆ. ಎರಡೂ ಕೀ ಕೊಡಬೇಕು. ಕಳ್ಳತನದ ದೂರನ್ನು ಪೊಲೀಸರಿಗೆ ತಕ್ಷಣ ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದಿರಿ ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ. ಅಪಘಾತದಲ್ಲಿ ಬೇರೆಯವರಿಗೆ ಗಾಯವಾಗಿದ್ದರೆ ಅದು ಮೋಟಾರು ಅಪಘಾತ ನ್ಯಾಯಮಂಡಳಿಯ ವಿಷಯ, ಮೇಲಿನ ಗಡುವುಗಳು ಅದಕ್ಕೆ ಲಾಗೂ ಆಗುವುದಿಲ್ಲ.

ದಾಖಲೆಗಳ ವಿಚಾರದಲ್ಲಿ ನನಗೆ ನಮ್ಮ ವೃತ್ತಿಯವರ ಮೇಲೇ ಬೇಸರವಿದೆ. ಇವತ್ತು ಡಿಎಲ್ ಕಳಿಸಿ, ನಾಳೆ ಕ್ಲೇಮ್ ಫಾರಂ, ಮುಂದಿನ ವಾರ ಇನ್ನೊಂದು ಎಂದು ಕಂತಿನಲ್ಲಿ ಕೇಳುವುದು ಅನ್ಯಾಯ. ದಾಖಲೆ ಇಲ್ಲವೆಂದು ಕ್ಲೇಮು ತಿರಸ್ಕರಿಸಬಾರದು, ಇತ್ಯರ್ಥಕ್ಕೆ ನೇರ ಸಂಬಂಧಪಟ್ಟದ್ದನ್ನಷ್ಟೇ ಕೇಳಬೇಕು ಎಂದು 2024ರ ಸುತ್ತೋಲೆಯಲ್ಲೇ ಇದೆ. ಮೊದಲ ದಿನವೇ ಪೂರ್ತಿ ಪಟ್ಟಿಯನ್ನು ಈಮೇಲ್‌ನಲ್ಲಿ ಕೇಳಿ.

ಕ್ಯಾಶ್‌ಲೆಸ್ (ಕಂಪನಿಯೇ ಗ್ಯಾರೇಜಿಗೆ ನೇರವಾಗಿ ಹಣ ಕೊಡುವ ವ್ಯವಸ್ಥೆ) ಎಂದರೆ ಏನೂ ಕೊಡಬೇಕಿಲ್ಲ ಎಂದುಕೊಂಡು ಬಂದವರು ಡೆಲಿವರಿ ದಿನ ಬಿಲ್ಲು ನೋಡಿ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳದಲ್ಲಿ ಕಾರು ಮತ್ತೆ ಮೂರು ದಿನ ಅಲ್ಲೇ ಉಳಿಯುತ್ತದೆ. ಭಾಗಗಳ ಸವಕಳಿಗೆಂದು ಹಣ ಕಡಿತ ಮಾಡದ ಜೀರೋ ಡೆಪ್ ಕವರ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಕಡಿತ. ಗಾಜಿಗೆ ಕಡಿತವಿಲ್ಲ. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ. ಇದರ ಜೊತೆಗೆ 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮದೇ. ನಿಮ್ಮ ಪಾಲು ಎಷ್ಟೆಂದು ಕೆಲಸ ಶುರುವಾಗುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಗಡುವು ಮೀರಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಜೊತೆಗೆ ಐಆರ್‌ಡಿಎಐಯ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ಹಾಕಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅಲ್ಲಿ ಬಂದ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೇ ಕೊಡಬೇಕಾಗುತ್ತದೆ. ದೂರಿನ ಮೊದಲ ಸಾಲುಗಳಲ್ಲೇ ಕ್ಲೇಮು ನಂಬರ್, ಕ್ಲೇಮು ತಿಳಿಸಿದ ದಿನ, ಸರ್ವೇಯರ್ ಬಂದ ದಿನ, ಕೊನೆಯ ದಾಖಲೆ ಕೊಟ್ಟ ದಿನ ಬರೆಯಿರಿ.