ಹತ್ತು ಸೆಕೆಂಡ್ ನಿಂತು ಮತ್ತೆ ಓಡೋ ಕಂಪ್ಯೂಟರ್: ಫಾರ್ಮ್ಯಾಟ್ ಮಾಡ್ಸೋಕ್ ಮುಂಚೆ ಇಷ್ಟು ನೋಡಿ

ಸಿಸ್ಟಮ್ ಹ್ಯಾಂಗ್ ಆಗ್ತಿದೆ ಸರ್ ಅಂತ ಫೋನ್ ಬಂದಾಗ ನಾನು ಮೊದ್ಲು ಕೇಳೋದು, ನಿಂತಿದ್ದು ತಾನಾಗೇ ಮತ್ತೆ ಓಡುತ್ತಾ ಇಲ್ಲಾ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡ್ಲೇಬೇಕಾ ಅಂತ. ಇವೆರಡೂ ಬೇರೆ ಬೇರೆ ಕಾಯಿಲೆ. ಪೂರ್ತಿ ನಿಂತೇ ಹೋಗುತ್ತೆ ಅಂದ್ರೆ ರ‍್ಯಾಮ್, ಪವರ್ ಸಪ್ಲೈ, ಮದರ್‌ಬೋರ್ಡ್ ಕಡೆ ಯೋಚ್ನೆ ಮಾಡ್ಬೇಕು. ಆದ್ರೆ ಐದತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ನಿಂತು, ಆಮೇಲೆ ಅಷ್ಟೊತ್ತು ನೀವು ಟೈಪ್ ಮಾಡಿದ್ದ ಅಕ್ಷರ, ಒತ್ತಿದ್ದ ಕ್ಲಿಕ್ಕು ಎಲ್ಲಾ ಒಂದೇ ಸಲ ಬಂದು ಬೀಳುತ್ತೆ ಅಂದ್ರೆ ಕಂಪ್ಯೂಟರ್‌ಗೆ ಶಕ್ತಿ ಸಾಲ್ದೆ ನಿಂತಿದ್ದಲ್ಲ, ಒಳಗಿರೋ ಯಾವುದೋ ಒಂದು ಭಾಗ ಉತ್ರ ಕೊಡ್ಲಿ ಅಂತ ಕಾಯ್ತಾ ಇತ್ತು ಅಂತ. ಯಾರಿಗೋಸ್ಕರ ಕಾಯ್ತಾ ಇತ್ತು ಅಂತ ಕಂಡುಹಿಡಿಯೋದೇ ನಮ್ ಕೆಲ್ಸ, ಅದನ್ನ ನೋಡ್ದೇನೇ ಫಾರ್ಮ್ಯಾಟ್ ಮಾಡ್ಸೋದು, ರ‍್ಯಾಮ್ ಹಾಕ್ಸೋದು ನೋಡಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಮನೆ ಕಂಪ್ಯೂಟರಲ್ಲಿ ಹತ್ತು ವರ್ಷದ ಫೋಟೋ ಇರುತ್ತೆ, ಎಷ್ಟೋ ಸಲ ಅದಕ್ಕೆ ಬೇರೆ ಕಾಪಿನೇ ಇರಲ್ಲ.

ನಿಂತಾಗ ಗಾಬರಿಯಾಗಿ ಎಲ್ಲಾ ಕಡೆ ಕ್ಲಿಕ್ ಮಾಡ್ಬೇಡಿ, ಸುಮ್ನೆ ಗಮನಿಸಿ. ಮೌಸ್ ಬಾಣ ಓಡಾಡ್ತಿದೆ ಆದ್ರೆ ಕ್ಲಿಕ್ ಮಾಡಿದ್ರೆ ಏನೂ ಆಗ್ತಿಲ್ಲ ಅಂದ್ರೆ ಬಹುತೇಕ ಡಿಸ್ಕ್ ಕಡೆ ಬೆರಳು ತೋರ್ಸಬೋದು. ಬಾಣನೂ ನಿಂತು, ಹಾಡು ಕೇಳ್ತಿದ್ರೆ ಸೌಂಡ್ ಒಂದೇ ಕಡೆ ಗರ್ರ್ ಅಂತ ಸಿಕ್ಕಾಕೊಂಡ್ರೆ ಡ್ರೈವರ್ (ಒಂದೊಂದು ಭಾಗನ ವಿಂಡೋಸ್ ಜೊತೆ ಮಾತಾಡ್ಸೋ ಸಾಫ್ಟ್‌ವೇರ್) ಅಥವಾ ಬಯಾಸ್ (ಮದರ್‌ಬೋರ್ಡಲ್ಲೇ ಇರೋ, ವಿಂಡೋಸ್‌ಗೂ ಮುಂಚೆ ಶುರುವಾಗೋ ಸಾಫ್ಟ್‌ವೇರ್) ಕಡೆ ಅನುಮಾನ ಪಡಿ. ಸ್ಕ್ರೀನ್ ಒಂದ್ ಕ್ಷಣ ಕಪ್ಪಾಗಿ ವಾಪಸ್ ಬಂತು ಅಂದ್ರೆ ಗ್ರಾಫಿಕ್ಸು, ಡಿಸ್ಪ್ಲೇ ಡ್ರೈವರ್ 2 ಸೆಕೆಂಡ್ ಉತ್ರ ಕೊಡ್ಲಿಲ್ಲ ಅಂದ್ರೆ ವಿಂಡೋಸೇ ಅದನ್ನ ರೀಸೆಟ್ ಮಾಡುತ್ತೆ, ಇವೆಂಟ್ ವ್ಯೂವರಲ್ಲಿ, ಅಂದ್ರೆ ಏನೇನಾಯ್ತು ಅಂತ ವಿಂಡೋಸ್ ಬರ್ಕೊಳ್ಳೋ ಡೈರೀಲಿ, 4101 ಅಂತ ಬರೆದಿಟ್ಟಿರುತ್ತೆ.

ಇನ್ನು ಟಾಸ್ಕ್ ಮ್ಯಾನೇಜರ್, ಯಾವ ಭಾಗ ಎಷ್ಟು ಕೆಲ್ಸ ಮಾಡ್ತಿದೆ ಅಂತ ತೋರ್ಸೋ ವಿಂಡೋಸ್ ಪ್ರೋಗ್ರಾಮ್. ಹ್ಯಾಂಗ್ ಆದ್ಮೇಲೆ ತೆಗಿಯೋಕ್ ಹೋದ್ರೆ ಅದೂ ಬರಲ್ಲ, ಅದಕ್ಕೆ ಕೆಲ್ಸ ಶುರು ಮಾಡೋವಾಗ್ಲೇ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ತೆಗೆದು, ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಡಿಸ್ಕ್ ಸೆಲೆಕ್ಟ್ ಮಾಡಿ ಒಂದು ಮೂಲೇಲಿ ಬಿಟ್ಟಿರಿ. ಎಲ್ರೂ ಆಕ್ಟಿವ್ ಟೈಮ್ 100% ಇರೋದನ್ನ ನೋಡಿ ಏನೋ ತುಂಬಾ ಕೆಲ್ಸ ಮಾಡ್ತಿದೆ ಅನ್ಕೋತಾರೆ, ಆದ್ರೆ ಅದರ ಪಕ್ಕದಲ್ಲೇ ಇರೋ ರೀಡ್ ಸ್ಪೀಡ್, ರೈಟ್ ಸ್ಪೀಡ್ ನೋಡಿ. ಆಕ್ಟಿವ್ ಟೈಮ್ ನೂರಿದ್ದು ಸ್ಪೀಡು ಸೊನ್ನೆಯ ಹತ್ರ ಇದ್ರೆ ಡಿಸ್ಕ್ ಕೆಲ್ಸ ಮಾಡ್ತಿಲ್ಲ, ಒದ್ದಾಡ್ತಿದೆ. ಆವರೇಜ್ ರೆಸ್ಪಾನ್ಸ್ ಟೈಮ್ ಅಂತ ಇನ್ನೊಂದು ನಂಬರ್ ಇರುತ್ತೆ, ಹಳೇ ಹಾರ್ಡ್ ಡಿಸ್ಕ್ ಆದ್ರೆ ಹತ್ತಿಪ್ಪತ್ತು ಮಿಲಿಸೆಕೆಂಡ್, ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ದೇ ಇರೋ, ಚಿಪ್ಪಿನ ಡಿಸ್ಕ್) ಆದ್ರೆ ಒಂದೆರಡು ಮಿಲಿಸೆಕೆಂಡ್ ಇರ್ಬೇಕಾದ್ದು ಸಾವಿರಗಟ್ಲೆ ತೋರಿಸ್ತಿದ್ರೆ ಕಳ್ಳ ಸಿಕ್ಕಿದ ಹಾಗೇ.

ಡಿಸ್ಕ್ ಯಾಕ್ ಹಿಂಗ್ ನಿಲ್ಲುತ್ತೆ ಅಂತ ಗೊತ್ತಿರೋದು ಒಳ್ಳೇದು. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತೆ, ಅಂದ್ರೆ ಒಂದ್ ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಒಂದು ಸೆಕ್ಟರ್, ಅಂದ್ರೆ ಡೇಟಾ ಇರೋ ಒಂದು ಚಿಕ್ಕ ತುಂಡು ಜಾಗ, ಸರಿಯಾಗಿ ಓದೋಕೆ ಬರ್ಲಿಲ್ಲ ಅಂದ್ರೆ ಅದು ತಕ್ಷಣ ಕೈ ಚೆಲ್ಲಲ್ಲ, ಮುಂದಿನ ಸುತ್ತಲ್ಲಿ ಮತ್ತೆ ಓದುತ್ತೆ, ಓದೋ ಹೆಡ್ಡನ್ನ ಸ್ವಲ್ಪ ಆಚೆ ಈಚೆ ಸರಿಸಿ ಮತ್ತೆ ಓದುತ್ತೆ, ಹಿಂಗೆ ನೂರಾರು ಸುತ್ತಾದ್ರೆ ಸೆಕೆಂಡುಗಳು ಹೋಗ್ತಾವೆ. ಬ್ಯಾಂಕಲ್ಲಿ ಇರೋ ಒಂದೇ ಕೌಂಟರಲ್ಲಿ ಮುಂದಿರೋರ ಸಹಿ ತಾಳೆ ಆಗ್ಲಿಲ್ಲ ಅಂದ್ರೆ ಹಿಂದಿರೋ ಅಷ್ಟೂ ಜನ ನಿಲ್ತಾರಲ್ಲ, ಹಂಗೇ ವಿಂಡೋಸೂ ಬ್ರೌಸರೂ ಎಲ್ಲಾ ಆ ಒಂದು ಸೆಕ್ಟರ್ ಹಿಂದೆ ಸಾಲಾಗಿ ನಿಲ್ತಾವೆ. ಆ ಸೆಕ್ಟರ್ ಕೊನೆಗೂ ಓದೋಕ್ ಸಿಕ್ಬಿಟ್ರೆ ಯಾವ ಎರರ್ ಮೆಸೇಜೂ ಬರಲ್ಲ, ಎಲ್ಲಾ ಸರಿಯಾಯ್ತು ಅನ್ಕೊಂಡು ನಾವು ಮುಂದಕ್ಕೆ ಹೋಗ್ತೀವಿ, ಅದೇ ಅಪಾಯ.

ನಿಮಗೆ ಮೆಸೇಜ್ ಬರ್ದೇ ಇದ್ರೂ ವಿಂಡೋಸ್ ಬಹಳಷ್ಟು ಸಲ ಬರ್ಕೊಂಡಿರುತ್ತೆ. ಇವೆಂಟ್ ವ್ಯೂವರ್ ತೆಗೆದು ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ, ಹ್ಯಾಂಗ್ ಆದ ಟೈಮ್ ನೆನಪಿಟ್ಕೊಂಡು ಅದೇ ನಿಮಿಷದಲ್ಲಿ ಏನಿದೆ ನೋಡಿ. ಡಿಸ್ಕ್ ಹೆಸರಲ್ಲಿ 7 ಅಂತಿದ್ರೆ ಬ್ಯಾಡ್ ಬ್ಲಾಕ್, 153 ಅಂದ್ರೆ ಓದೋ ಬರೆಯೋ ಕೆಲ್ಸ ಮತ್ತೆ ಮಾಡ್ಬೇಕಾಯ್ತು, 129 (ಇದು ಡಿಸ್ಕ್ ಬದ್ಲು ಅದರ ಕಂಟ್ರೋಲರ್ ಡ್ರೈವರ್ ಹೆಸರಲ್ಲಿರುತ್ತೆ) ಅಂದ್ರೆ ಡಿಸ್ಕ್ ಉತ್ರಾನೇ ಕೊಡ್ಲಿಲ್ಲ ಅಂತ ರೀಸೆಟ್ ಮಾಡ್ತು. ಅದ್ರಲ್ಲಿ ಬೇರೆ ಕೆಂಪು ಹಳದಿ ಗುರುತು ನೂರಾರು ಇರುತ್ತೆ, ಆರೋಗ್ಯವಾಗಿರೋ ಸಿಸ್ಟಮಲ್ಲೂ ಇರುತ್ತೆ, ಹೆದರ್ಕೋಬೇಡಿ.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಕೊಂಡಿರೋ ಲೆಕ್ಕ ತೋರಿಸುತ್ತೆ. ಮೇಲೆ ಗುಡ್ ಅಂತ ನೀಲಿ ಬಣ್ಣದಲ್ಲಿದ್ರೂ ಒಳಗಿನ ಸಾಲು ಓದಿ. 05 ಅಂದ್ರೆ ಕೆಟ್ಟು ಬದಲಾಯ್ಸಿರೋ ಸೆಕ್ಟರ್, ಸಿ5 ಅಂದ್ರೆ ಓದೋಕಾಗ್ದೆ ಪೆಂಡಿಂಗ್ ಇರೋದು, ಹಾರ್ಡ್ ಡಿಸ್ಕಲ್ಲಿ ಇವೆರಡು ಏರ್ತಾ ಇದ್ರೆ ಅದನ್ನ ಮತ್ತೆ ನಂಬ್ಬೇಡಿ. ರಾ ವ್ಯಾಲ್ಯೂ ಕಾಲಮ್ ಹೆಕ್ಸ್‌ನಲ್ಲಿ, ಅಂದ್ರೆ ಹದಿನಾರರ ಲೆಕ್ಕದಲ್ಲಿ ತೋರ್ಸುತ್ತೆ, ಕೊನೇಲಿ 10 ಅಂತಿದ್ರೆ ಅದು ಹತ್ತಲ್ಲ, ಹದಿನಾರು.

ಅದ್ರಲ್ಲೇ ಇರೋ ಸಿ7 ಅನ್ನೋ ಸಾಲಿನ ಬಗ್ಗೆ ಬೇರೇನೇ ಹೇಳ್ಬೇಕು. ಒಬ್ರು ರಿಟೈರ್ಡ್ ಮೇಷ್ಟ್ರ ಮನೇಲಿ ಇದೇ ತೊಂದ್ರೆ ಇತ್ತು, ಅವರು ಆಗ್ಲೇ ಒಂದ್ಸಲ ಫಾರ್ಮ್ಯಾಟ್ ಮಾಡ್ಸಿ, 4 ಜಿಬಿ ರ‍್ಯಾಮ್ ಇದ್ದಿದ್ದನ್ನ 8 ಮಾಡ್ಸಿದ್ರು, ಆದ್ರೂ ನಿಲ್ಲೋದು ನಿಂತಿರ್ಲಿಲ್ಲ. "ಡಿಸ್ಕೇ ಹೋಗಿದೆ ಅಂದ್ರಪ್ಪ, ಹೊಸದು ಹಾಕ್ಸೋಣ ಅಂತಿದೀನಿ" ಅಂದ್ರು. ನೋಡಿದ್ರೆ 05, ಸಿ5 ಎರಡೂ ಸೊನ್ನೆ, ಸಿ7 ಮಾತ್ರ ನೂರಾರು, ಲಾಗಲ್ಲಿ 129 ಸಾಲು ಸಾಲಾಗಿ. ಸಿ7 ಹೇಳೋದು ಡಿಸ್ಕಿಂದ ಮದರ್‌ಬೋರ್ಡ್‌ಗೆ ಹೋಗೋ ದಾರೀಲಿ ಡೇಟಾ ಕೆಡ್ತಿದೆ ಅಂತ, ಅಂದ್ರೆ ಹೆಚ್ಚಾಗಿ ಸಾಟಾ ಕೇಬಲ್ಲು. ಕ್ಯಾಬಿನೆಟ್ ತೆಗೆದ್ರೆ ಕೇಬಲ್ ಸೈಡ್ ಮುಚ್ಚಳಕ್ಕೆ ಒತ್ಕೊಂಡು ಬುಡದಲ್ಲೇ ಬಗ್ಗಿತ್ತು. ಹೊಸ ಕೇಬಲ್ ಹಾಕಿದ್ವಿ, ಮುಗೀತು. "ಮತ್ತೆ ಆ ನಂಬರ್ ಕಮ್ಮಿನೇ ಆಗಿಲ್ವಲ್ಲ" ಅಂತ ಆಮೇಲೆ ಫೋನ್ ಮಾಡಿದ್ರು, ಅದು ಕಮ್ಮಿ ಆಗಲ್ಲ ಸಾರ್, ಇನ್ಮೇಲೆ ಏರ್ದೇ ಇದ್ರೆ ಸಾಕು ಅಂದೆ. ಒಂದು ಕೇಬಲ್ ಬೆಲೆಗೆ ಹೋಗೋದಕ್ಕೆ ಹೊಸ ಡಿಸ್ಕ್ ದುಡ್ಡು ಯಾಕ್ ಕೊಡ್ಬೇಕು, ಮುಂಚೆ ಇದನ್ನ ನೋಡಿ ಅಂತ ನಾನು ಎಲ್ರಿಗೂ ಹೇಳ್ತೀನಿ.

ಇನ್ನೊಂದು ತುಂಬಾ ಕಾಣೋದು, ಹೊಸ ಎಸ್‌ಎಸ್‌ಡಿ ಹಾಕ್ಸಿ ಹಳೇ ಹಾರ್ಡ್ ಡಿಸ್ಕನ್ನ ಫೋಟೋಗೆ ಅಂತ ಹಂಗೇ ಬಿಟ್ಟಿರ್ತಾರೆ. ಪವರ್ ಆಪ್ಷನ್ಸಲ್ಲಿ ಸುಮ್ನಿರೋ ಹಾರ್ಡ್ ಡಿಸ್ಕನ್ನ 20 ನಿಮಿಷಕ್ಕೆ ಆಫ್ ಮಾಡೋ ಸೆಟ್ಟಿಂಗ್ ಇರುತ್ತೆ, ನೀವು ಏನೋ ಸೇವ್ ಮಾಡೋಕ್ ಹೋದಾಗ ಅದು ಎದ್ದು ಪೂರ್ತಿ ಸ್ಪೀಡಿಗೆ ಬರೋವರ್ಗೂ ಎಲ್ಲಾ ನಿಲ್ಲುತ್ತೆ. ಕಿವಿ ಕೊಟ್ರೆ ಗುಯ್ ಅಂತ ತಿರುಗೋಕೆ ಶುರುವಾಗೋ ಸದ್ದು ಕೇಳುತ್ತೆ. ಇದು ರಿಪೇರಿನೇ ಅಲ್ಲ, ಆ ಸೆಟ್ಟಿಂಗನ್ನ ಸೊನ್ನೆ ಮಾಡಿದ್ರೆ ಆಯ್ತು.

ಎಸ್‌ಎಸ್‌ಡಿ ಒಂದೇ ಇದ್ರೂ ನಿಲ್ಲುತ್ತೆ ಅಂದ್ರೆ ಮೊದ್ಲು ಎಷ್ಟು ಜಾಗ ಖಾಲಿ ಇದೆ ನೋಡಿ, ಕಮ್ಮಿ ರೇಟಿನ ಎಸ್‌ಎಸ್‌ಡಿಗಳು ತುಂಬಿದ್ರೆ ಬರೆಯೋವಾಗ ಒದ್ದಾಡ್ತಾವೆ, ಒಂದು ಹದಿನೈದಿಪ್ಪತ್ತು ಪರ್ಸೆಂಟ್ ಖಾಲಿ ಬಿಡಿ. ಎಎಮ್‌ಡಿ ರೈಜನ್ ಸಿಸ್ಟಮ್ ಇರೋರಿಗೆ ಇನ್ನೊಂದು ಕಾರಣ ಇದೆ, ಎಫ್‌ಟಿಪಿಎಮ್ ಅನ್ನೋ ಸೆಕ್ಯುರಿಟಿ ಭಾಗ ಬಯಾಸ್ ಚಿಪ್ ಜೊತೆ ಮಾತಾಡೋವಾಗ ಇಡೀ ಸಿಸ್ಟಮ್ ಕ್ಷಣ ಹೊತ್ತು ತಡವರಿಸುತ್ತೆ ಅಂತ ಕಂಪ್ನಿನೇ 2022ರ ಮಾರ್ಚಲ್ಲಿ ಒಪ್ಕೊಂಡು, ಅದೇ ವರ್ಷ ಮೇ ತಿಂಗಳಿಂದ ಬಯಾಸ್ ಅಪ್ಡೇಟ್ ಬರುತ್ತೆ ಅಂತ ಹೇಳಿತ್ತು. ಅದಕ್ಕಿಂತ ಹಳೇ ಬಯಾಸ್ ಇದ್ರೆ ಅಪ್ಡೇಟ್ ಮಾಡ್ಸಿ, ಆದ್ರೆ ಯುಪಿಎಸ್ ಇಲ್ದೆ ಮಾತ್ರ ಬೇಡ, ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡೇ ಹೋಗ್ಬೋದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಆನ್ ಇದ್ರೆ ಅದರ ರಿಕವರಿ ಕೀ ಮೊದ್ಲು ಪೇಪರ್ ಮೇಲೆ ಬರೆದಿಟ್ಕೊಳ್ಳಿ.

ರ‍್ಯಾಮ್ ಕಮ್ಮಿ ಇರೋದೂ ನಿಜವಾದ ಕಾರಣನೇ, 4 ಜಿಬಿಲಿ ಹತ್ತು ಟ್ಯಾಬ್ ತೆಗೆದ್ರೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತೆ, ಮೆಮೊರಿ ತೊಂಬತ್ತು ಪರ್ಸೆಂಟ್ ಮೇಲೆ ಹೋದಾಗ್ಲೇ ನಿಲ್ತಿದೆಯಾ ನೋಡ್ಕೊಂಡು ಆಮೇಲೆ ದುಡ್ಡು ಖರ್ಚು ಮಾಡಿ. ಧೂಳು, ಬಿಸಿ ವಿಷ್ಯದಲ್ಲಿ ಸಿಸ್ಟಮ್ ಸಾಮಾನ್ಯವಾಗಿ ನಿಧಾನ ಆಗುತ್ತೆ ಅಥವಾ ಆಫ್ ಆಗುತ್ತೆ, ಹಿಂಗೆ ನಿಂತು ನಿಂತು ಓಡೋದು ಕಮ್ಮಿ.

ಡಿಸ್ಕ್ ಮೇಲೆ ಅನುಮಾನ ಬಂದ ಕ್ಷಣ ಮಾತ್ರ ಬೇರೆಲ್ಲಾ ನಿಲ್ಲಿಸಿ ಫೈಲ್ ಕಾಪಿ ಮಾಡ್ಕೊಳ್ಳಿ. ಚೆಕ್ ಡಿಸ್ಕ್ (ಡಿಸ್ಕ್ ಪರೀಕ್ಷೆ ಮಾಡೋ ವಿಂಡೋಸ್ ಪ್ರೋಗ್ರಾಮ್) ಆಮೇಲೆ, ಯಾಕಂದ್ರೆ ಬ್ಯಾಡ್ ಸೆಕ್ಟರ್ ಹುಡುಕೋಕೆ ಅದು ಇಡೀ ಡಿಸ್ಕನ್ನ ಮೂಲೆ ಮೂಲೆ ಓದುತ್ತೆ, ಸಾಯ್ತಿರೋ ಡಿಸ್ಕ್‌ಗೆ ಅದೇ ಕೊನೆ ಏಟಾಗ್ಬೋದು. ಪೂರ್ತಿ ಡ್ರೈವ್ ಒಂದೇ ಸಲ ಎಳೆದು ಹಾಕ್ಬೇಡಿ, ಮತ್ತೆ ಸಿಗದೇ ಇರೋದು ಮೊದ್ಲು: ಫೋಟೋ, ಮಕ್ಕಳ ಸರ್ಟಿಫಿಕೇಟ್ ಸ್ಕ್ಯಾನು, ಲೆಕ್ಕದ ಫೋಲ್ಡರು. ಯಾವ್ದಾದ್ರೂ ಫೈಲ್ ಹತ್ರ ಸಿಕ್ಕಾಕೊಂಡ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗಿ, ಕೊನೆಗೆ ನೋಡೋಣ. ಟಿಕ್ ಟಿಕ್ ಅಂತ ಲೋಹದ ಸದ್ದು ಬರ್ತಿದ್ರೆ ತಕ್ಷಣ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ರನೇ ಕೊಡಿ.

ಅಂಗಡಿಗೆ ತಗೊಂಡು ಹೋಗೋದಾದ್ರೆ ಇವೆಂಟ್ ನಂಬರ್ ಮತ್ತೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸ್ಕ್ರೀನನ್ನ ಮೊಬೈಲಲ್ಲಿ ಫೋಟೋ ತೆಗೆದು ತೋರ್ಸಿ, ನನ್ನನ್ನ ಕೇಳ್ದೆ ಫಾರ್ಮ್ಯಾಟ್ ಮಾಡ್ಬೇಡಿ ಅಂತ ಚೀಟೀಲೂ ಬರ್ಸಿ. ಹೊಸ ಡಿಸ್ಕ್ ಹಾಕಿದ್ರೆ ಹಳೇದನ್ನ ಅಲ್ಲೇ ಬಿಟ್ಟು ಬರ್ಬೇಡಿ, ಕೇಳಿ ವಾಪಸ್ ತಗೊಳ್ಳಿ, ನಿಮ್ ಮನೆ ಫೋಟೋ ಎಲ್ಲಾ ಇನ್ನೂ ಅದ್ರೊಳಗೇ ಇರುತ್ತೆ.